ಬಣ್ಣ ಬಂದರೆ ಸಾಲದು, ಗೆಣಸು ಹಿಟ್ಟಾಗಬೇಕು

ಕಿತ್ತಳೆ ತಿರುಳಿನ ಗೆಣಸು ಬೇಯಿಸಿದರೆ ಹಿಟ್ಟುಹಿಟ್ಟಾಗಿ ಬಿರಿಯುವುದಿಲ್ಲ, ನೀರುನೀರಾಗಿ ಮೆತ್ತಗಾಗುತ್ತದೆ, ಯಾಕೆ ಎಂದು ಓದುಗರೊಬ್ಬರು ಕೇಳಿದ್ದಾರೆ. ಆಫ್ರಿಕಾದಲ್ಲಿ ಗೆಣಸಿನ ತಳಿ ಬೆಳೆಸುವವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದು ಇದೇ ಪ್ರಶ್ನೆಯ ಮೇಲೆ.

ಉಗಾಂಡಾ, ಮೊಜಾಂಬಿಕ್‌ಗಳಲ್ಲಿ ಗೆಣಸು ಹಬ್ಬದ ತಿಂಡಿಯಲ್ಲ, ಹೊಟ್ಟೆ ತುಂಬಿಸುವ ಊಟ. ಅಲ್ಲಿ ಜನ ಬೆಳೆದುಕೊಂಡು ಬಂದದ್ದು ಹೆಚ್ಚಾಗಿ ಬಿಳಿ ಅಥವಾ ಕೆನೆ ಬಣ್ಣದ ತಿರುಳಿನ ಗೆಣಸು. ಅದರಲ್ಲಿ ಎ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಮಕ್ಕಳಲ್ಲಿ ಆ ಕೊರತೆ ಕಣ್ಣನ್ನೂ ಜೀವವನ್ನೂ ಕಿತ್ತುಕೊಳ್ಳುತ್ತಿತ್ತು. ಕಿತ್ತಳೆ ಗೆಣಸಿನಲ್ಲಿರುವ ಬೀಟಾ ಕ್ಯಾರೊಟಿನ್ ನಮ್ಮ ದೇಹದಲ್ಲಿ ಎ ಜೀವಸತ್ವವಾಗುತ್ತದೆ. ಅಮೆರಿಕದ 'ರೆಸಿಸ್ಟೊ' ಎಂಬ ಕಿತ್ತಳೆ ತಳಿಯನ್ನು ದಕ್ಷಿಣ ಆಫ್ರಿಕಾದ ಶಾಲಾ ಮಕ್ಕಳಿಗೆ ಬೇಯಿಸಿ ದಿನಕ್ಕೆ 125 ಗ್ರಾಂನಂತೆ ಕೊಟ್ಟಾಗ ಅವರ ಎ ಜೀವಸತ್ವದ ಸಂಗ್ರಹ ಸುಧಾರಿಸಿದ್ದು 2005ರಲ್ಲಿ ಪ್ರಕಟವಾಯಿತು. ಪೌಷ್ಟಿಕತೆಯ ಲೆಕ್ಕ ಅಲ್ಲಿಗೆ ಸರಿಹೋಯಿತು. ಊಟದ ಲೆಕ್ಕ ಸರಿಹೋಗಲಿಲ್ಲ. ಮಕ್ಕಳು ಬಣ್ಣಕ್ಕೂ ಮೆದುವಿಗೂ ಒಲಿದರು, ದೊಡ್ಡವರು ತಟ್ಟೆ ಸರಿಸಿದರು. ಹೊಲದಲ್ಲಿ ಯಾವ ಬಳ್ಳಿ ಊರಬೇಕೆಂದು ತೀರ್ಮಾನಿಸುವವರು ದೊಡ್ಡವರೇ ಅಲ್ಲವೇ?

ಅವರ ತಕರಾರು ರುಚಿಗಿಂತ ಹೆಚ್ಚಾಗಿ ಹದದ್ದು. ಗೆಣಸಿನಲ್ಲಿರುವ ನೀರನ್ನೆಲ್ಲ ಆರಿಸಿದ ಮೇಲೆ ಉಳಿಯುವುದನ್ನು ಒಣಾಂಶ ಎನ್ನುತ್ತಾರೆ. ಅದರ ಬಹುಪಾಲು ಪಿಷ್ಟ. ಪಿಷ್ಟ ಹೆಚ್ಚಿದ್ದರೆ ಬೇಯುವಾಗ ಅದರ ಕಣಗಳು ಗೆಣಸಿನೊಳಗಿನ ನೀರನ್ನು ಹೀರಿಕೊಂಡು ಉಬ್ಬುತ್ತವೆ, ತಿರುಳು ಒಣಒಣವಾಗಿ ಬಿರಿಯುತ್ತದೆ. ಕಡಿಮೆಯಿದ್ದರೆ ನೀರು ಹಾಗೇ ಉಳಿದು ತಿರುಳು ಪಿಚಕ್ಕೆನ್ನುತ್ತದೆ. ಆಫ್ರಿಕಾದ ಊಟಕ್ಕೆ ಒಣಾಂಶ ಶೇಕಡಾ 30ರ ಆಸುಪಾಸಿನಲ್ಲಿರಬೇಕು. ಅಮೆರಿಕದ ಕಿತ್ತಳೆ ತಳಿಗಳಲ್ಲಿ ಅದು ಬಹಳ ಕಡಿಮೆ.

ಹಾಗಾದರೆ ಕಿತ್ತಳೆ ಬಣ್ಣವನ್ನೂ ಹಿಟ್ಟಿನ ಗುಣವನ್ನೂ ಒಂದೇ ಗೆಡ್ಡೆಗೆ ತಂದರಾಯಿತಲ್ಲ? ಕಷ್ಟ ಇರುವುದೇ ಇಲ್ಲಿ. ಕಿತ್ತಳೆ ಬಣ್ಣವೂ ಕಡಿಮೆ ಪಿಷ್ಟವೂ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಒಂದನ್ನು ಎಳೆದರೆ ಇನ್ನೊಂದೂ ಜೊತೆಗೇ ಬರುತ್ತದೆ. ಅಮೆರಿಕದ 'ಬೋರಿಗಾರ್ಡ್' ಎಂಬ ಕಿತ್ತಳೆ ತಳಿಯನ್ನು ಆಫ್ರಿಕಾದ 'ಟಾಂಜಾನಿಯಾ' ತಳಿಯೊಂದಿಗೆ ಸಂಕರಿಸಿ ನಡೆಸಿದ ಅಧ್ಯಯನ 2020ರಲ್ಲಿ ಈ ನೊಗವನ್ನು ತೋರಿಸಿಕೊಟ್ಟಿತು. ಕ್ಯಾರೊಟಿನ್ ತಯಾರಿಕೆಯ ಒಂದು ಮುಖ್ಯ ವಂಶವಾಹಿಯೂ ಸಕ್ಕರೆಯನ್ನು ಪಿಷ್ಟದ ದಾರಿಗೆ ಹಚ್ಚುವ ವಂಶವಾಹಿಯೂ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲೇ ಕೂತಿವೆ. ಸಾಲದ್ದಕ್ಕೆ ಗೆಣಸಿಗೆ ವರ್ಣತಂತುಗಳ ಆರಾರು ಪ್ರತಿ, ಒಟ್ಟು 90. ಹೆಚ್ಚಿನ ತಳಿಗಳು ತಮ್ಮದೇ ಪರಾಗದಿಂದ ಬೀಜ ಕಟ್ಟುವುದಿಲ್ಲ. ಒಂದೊಂದು ಬೀಜದಿಂದ ಹುಟ್ಟುವ ಗಿಡವೂ ಬೇರೆ ಬೇರೆ. ಆ ರಾಶಿಯಲ್ಲಿ ನೊಗ ಕಳಚಿಕೊಂಡು ಬಂದ ಅಪರೂಪದ ಗಿಡವನ್ನು ಹುಡುಕಬೇಕು, ಸಿಕ್ಕಿದ ಮೇಲೆ ಬಳ್ಳಿ ಕತ್ತರಿಸಿ ನೆಟ್ಟು ಹೆಚ್ಚಿಸಬೇಕು.

ಹುಡುಕಿದವರಲ್ಲಿ ಇಬ್ಬರ ಹೆಸರು ಹೇಳಲೇಬೇಕು. ಉಗಾಂಡಾದ ರಾಬರ್ಟ್ ಮ್ವಾಂಗಾ ಅವರ ಕೆಲಸದಿಂದ 2007ರಲ್ಲಿ 'ವೀಟಾ', 'ಕಬೋಡೆ' ತಳಿಗಳು ಬಂದವು. ಮೊಜಾಂಬಿಕ್‌ನಲ್ಲಿ ಮರಿಯಾ ಆಂಡ್ರಾಡೆ ತಂಡ 2011ರಲ್ಲಿ ಬರ ತಾಳುವ 15 ಕಿತ್ತಳೆ ತಳಿಗಳನ್ನು ಒಟ್ಟಿಗೇ ಹೊರತಂದಿತು. ಇವರಿಬ್ಬರೊಂದಿಗೆ ಜ್ಯಾನ್ ಲೋ ಮತ್ತು ಹೋವರ್ತ್ ಬೂಯಿಸ್ ಅವರಿಗೂ 2016ರ ವಿಶ್ವ ಆಹಾರ ಪ್ರಶಸ್ತಿ ಸಂದಿತು. ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುವುದು ಅವರು ಬೆಳೆಸಿದ ರೂಢಿ: ಇಳುವರಿ ತೂಗಿದ ಮೇಲೆ ಕೆಲಸ ಮುಗಿಯಿತೆನ್ನದೆ, ಗೆಡ್ಡೆಯನ್ನು ಊರಿನಲ್ಲೇ ಬೇಯಿಸಿ, ಹೆಂಗಸರ ಕೈಗೆ ಕೊಟ್ಟು, ಯಾವುದು ಊಟಕ್ಕಾಗುತ್ತದೆ ಎಂದು ಕೇಳುವುದು. ಈಗ ಆ ಹೆಂಗಸರ ಮಾತನ್ನು ಅಳತೆಗೆ ಇಳಿಸುವ ಉಪಕರಣಗಳೂ ಬಂದಿವೆ. ಅವಕೆಂಪು ಬೆಳಕು ಹಾಯಿಸಿದರೆ ಸಾಕು, ಒಣಾಂಶ, ಪಿಷ್ಟ, ಸಕ್ಕರೆ, ಕ್ಯಾರೊಟಿನ್‌ಗಳ ಅಂದಾಜು ಕ್ಷಣಗಳಲ್ಲಿ ಸಿಗುತ್ತದೆ.

ನಮ್ಮಲ್ಲೂ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ 'ಭೂ ಸೋನಾ' ಎಂಬ ಕಿತ್ತಳೆ ತಳಿ ಕೊಟ್ಟಿದೆ. 100 ಗ್ರಾಂನಲ್ಲಿ 14 ಮಿಲಿಗ್ರಾಂ ಬೀಟಾ ಕ್ಯಾರೊಟಿನ್. ಸುದ್ದಿಗಳು ಹೆಚ್ಚಾಗಿ ಈ 14ನ್ನೇ ಎತ್ತಿ ಹಾಡುತ್ತವೆ. ಬೆಂದರೆ ಹೇಗಿರುತ್ತದೆ ಎಂಬ ಮಾತು ಅವುಗಳಲ್ಲಿ ಕಾಣುವುದು ಅಪರೂಪ. ಆದರೆ ಬೆಳಗಾವಿಯ ಗೆಣಸು ಬೆಳೆಗಾರ ಹೊಸ ಬಳ್ಳಿ ಊರುವ ಮೊದಲು ಕೇಳುವುದು ಸಂತೆಯಲ್ಲಿ ಇದನ್ನು ಯಾರು ಕೊಳ್ಳುತ್ತಾರೆ ಎಂದೇ.

ಇನ್ನು ಸಿಹಿ. ಹಸಿ ಗೆಣಸಿನಲ್ಲಿ ಸಕ್ಕರೆ ಅಷ್ಟೇನೂ ಇರುವುದಿಲ್ಲ, ಬಹುಪಾಲು ಹುಟ್ಟುವುದು ಒಲೆಯ ಮೇಲೆ. ಬಿಸಿ ಏರಿದಂತೆ ಪಿಷ್ಟ ಉಬ್ಬಿ ಬಿಚ್ಚಿಕೊಳ್ಳುತ್ತದೆ, ಬೀಟಾ ಅಮೈಲೇಸ್ ಎಂಬ ಕಿಣ್ವ ಅದನ್ನು ಕತ್ತರಿಸಿ ಮಾಲ್ಟೋಸ್ ಸಕ್ಕರೆ ಮಾಡುತ್ತದೆ. ಬಿಸಿ ಇನ್ನೂ ಏರಿದರೆ ಕಿಣ್ವವೇ ಸಾಯುತ್ತದೆ. ಬಿಸಿಬೂದಿಯಲ್ಲಿ ಹೂತು ನಿಧಾನ ಸುಟ್ಟ ಗೆಣಸಿಗೆ ಅಷ್ಟು ಸಿಹಿ ಬರುವುದು ಕಿಣ್ವಕ್ಕೆ ಸಿಗುವ ಈ ಬಿಡುವಿನಿಂದ. ಜಪಾನಿನ 'ಕ್ವಿಕ್ ಸ್ವೀಟ್' ತಳಿಯ ಪಿಷ್ಟ ಮಾಮೂಲಿಗಿಂತ ಸುಮಾರು 20 ಡಿಗ್ರಿ ಕಡಿಮೆ ಬಿಸಿಯಲ್ಲೇ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಮೈಕ್ರೋವೇವ್‌ನಲ್ಲಿ ಬೇಗ ಬೆಂದರೂ ಸಿಹಿಯಾಗುತ್ತದೆ. ಘಾನಾದಲ್ಲಿ ಗಾಳಿ ತಿರುಗಿದ್ದು ಇನ್ನೊಂದು ಕಡೆಗೆ. ಖಾರದ ಸಾರಿನೊಂದಿಗೆ ದಿನವೂ ಉಣ್ಣುವವರಿಗೆ ಸಿಹಿ ಬೇಡ. ಅಲ್ಲಿನ ತಳಿತಜ್ಞರು ಈ ಕಿಣ್ವ ಅಷ್ಟಾಗಿ ಕೆಲಸ ಮಾಡದ, ಬೆಂದ ಮೇಲೂ ಸಪ್ಪಗೇ ಉಳಿಯುವ ಗೆಣಸನ್ನು ಆರಿಸಿ ಬೆಳೆಸುತ್ತಿದ್ದಾರೆ.