ಮಗು ‘ಬತ್ರೂರು’ ಎಂದರೆ ಮೊದಲು ಕಿವಿ ನೋಡಿಸಿ

ಬಸ್ರೂರಿನ ಮಗು ತನ್ನ ಊರಿನ ಹೆಸರನ್ನು ‘ಬತ್ರೂರು’ ಎಂದರೆ ಮನೆಮಂದಿಗೆಲ್ಲ ನಗು. ಮೂರು ವರ್ಷದವರೆಗೆ ಚಿಂತೆಯಿಲ್ಲ. ಐದು ದಾಟಿ ಶಾಲೆಗೆ ಹೊರಟ ಮೇಲೂ ‘ಸ’ ಬಾರದಿದ್ದರೆ ಕಾರಣ ಹುಡುಕಬೇಕು.

ಪ, ತ, ಕ ಹೇಳುವಾಗ ಉಸಿರನ್ನು ತುಟಿಯಿಂದಲೋ ನಾಲಗೆಯಿಂದಲೋ ಪೂರ್ತಿ ತಡೆದು ಒಮ್ಮೆಲೇ ಬಿಡುತ್ತೇವೆ. ಸ, ಶ, ಹ ಹಾಗಲ್ಲ. ಇಲ್ಲಿ ದಾರಿ ಮುಚ್ಚುವುದಿಲ್ಲ, ಕಿರಿದಾಗುತ್ತದೆ. ಆ ಸಂದಿಯಲ್ಲಿ ಉಸಿರು ಉಜ್ಜಿಕೊಂಡು ಹೊರಬರುವ ಸದ್ದೇ ಅಕ್ಷರವಾಗುತ್ತದೆ. ಇವಕ್ಕೆ ಘರ್ಷ ಧ್ವನಿಗಳೆಂದು ಹೆಸರು. ಹಳೆಯ ವ್ಯಾಕರಣಕಾರರು ಶ, ಷ, ಸ, ಹಗಳನ್ನು ‘ಊಷ್ಮ’ ಎಂದರು. ‘ಸ್‌ಸ್‌ಸ್’ ಎಂದು ಉಸಿರು ಇರುವಷ್ಟು ಹೊತ್ತೂ ಎಳೆಯಬಹುದು, ‘ಪ್’ ಎಂದು ಎಳೆಯಲಾಗದು. ನೀವೇ ಹೇಳಿ ನೋಡಿ.

‘ಸ’ ಹೇಳುವಾಗ ನಾಲಗೆಯ ನಡುವೆ ಸಣ್ಣ ತೋಡು ಮೂಡಿ, ಉಸಿರು ಹಲ್ಲಿನ ಅಂಚಿಗೆ ಬಡಿಯುತ್ತದೆ. ‘ಶ’ಕ್ಕೆ ನಾಲಗೆ ತುಸು ಹಿಂದೆ ಸರಿಯುತ್ತದೆ. ನಮ್ಮ ಕುಂದಾಪುರದ ‘ಹ್ವಾಯ್’ನಲ್ಲಿರುವ ‘ಹ’ ಗಂಟಲಿನ ಧ್ವನಿತಂತುಗಳ ನಡುವೆಯೇ ಹುಟ್ಟುತ್ತದೆ.

ಇಷ್ಟು ಸೂಕ್ಷ್ಮವಾದ ಸಂದಿ ಹಿಡಿಯಲು ಮಗುವಿಗೆ ಸಮಯ ಬೇಕು. ಬಹುಪಾಲು ಮಕ್ಕಳು ನಾಲ್ಕೈದು ವರ್ಷದೊಳಗೆ ಕಲಿಯುತ್ತಾರೆ. ಆರೇಳರಲ್ಲಿ ಮುಂದಿನ ಹಾಲುಹಲ್ಲು ಬಿದ್ದಾಗ ‘ಸ’ ಕೆಡುವುದು ತಾತ್ಕಾಲಿಕ.

ಮೊದಲು ಅನುಮಾನಿಸಬೇಕಾದುದು ಕಿವಿಯನ್ನು. ‘ಸ’ ಮೆಲುವಾದ, ಕೀರಲು ಸದ್ದು. ಅದರ ಶಕ್ತಿಯ ಹೆಚ್ಚಿನ ಭಾಗ ಸುಮಾರು 4,000 ಹರ್ಟ್ಸ್‌ಗಿಂತ ಮೇಲಿದೆ. ಹಾಗಾಗಿ ಕರೆದರೆ ತಿರುಗುವ, ಬಾಗಿಲ ಸದ್ದಿಗೆ ಓಡುವ ಮಗುವಿಗೂ ‘ಸ’ ಕೇಳದಿರಬಹುದು. ಕೇಳದ ಅಕ್ಷರವನ್ನು ಅದು ಆಡುವುದೆಂತು? ಪದೇ ಪದೇ ಕಿವಿ ಸೋರುವ ಮಕ್ಕಳಿಗೆ ಶ್ರವಣ ಪರೀಕ್ಷೆ ಮಾಡಿಸಲೇಬೇಕು.

ಇನ್ನೊಂದು ಕಾರಣ ಸೀಳು ಅಂಗುಳ. ಬಾಯಿಯಲ್ಲಿ ಒತ್ತಡ ನಿಲ್ಲದೆ ಗಾಳಿ ಮೂಗಿಗೆ ಸೋರುತ್ತದೆ. ಮಗು ‘ಸ್‌ಸ್‌ಸ್’ ಎನ್ನುವಾಗ ಮೂಗಿನ ಕೆಳಗೆ ಹಿಡಿದ ತಣ್ಣನೆಯ ಕನ್ನಡಿ ಮಸುಕಾದರೆ ವೈದ್ಯರಿಗೆ ತೋರಿಸಿ.

ಬಜೆ ತೇಯ್ದು ನಾಲಗೆಗೆ ಹಚ್ಚಿದರೆ ‘ಸ’ ಬಾರದು. ನಾಲಗೆಯಡಿಯ ಪೊರೆ ಕತ್ತರಿಸಿಬಿಡಿ ಎಂದು ಅವಸರಪಡಿಸುವವರೂ ಇದ್ದಾರೆ. ನಾಲಗೆಯ ತುದಿ ಕೆಳಹಲ್ಲಿನ ಹಿಂದೆಯೇ ಇದ್ದರೂ ‘ಸ’ ಹೇಳಬಹುದು. ಆದ್ದರಿಂದ ಹಲವರಿಗೆ ಅದು ಬೇಕಾಗದು.

ಮೊದಲು ಕಿವಿಯ ತಪಾಸಣೆ, ಬಳಿಕ ವಾಕ್ ಚಿಕಿತ್ಸೆ ಸರಿಯಾದ ಕ್ರಮ. ಮಣಿಪಾಲದಲ್ಲಿ ಎರಡೂ ಲಭ್ಯ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮನೆಯಲ್ಲಿ ಕನ್ನಡಿಯ ಮುಂದೆ ಕೂರಿಸಿ, ಹಾವಿನಂತೆ ‘ಸ್‌ಸ್‌ಸ್’ ಎನ್ನುವ ಆಟವಾಡಿಸಿ. ನೆಂಟರೆದುರು ಮಗುವಿನ ಮಾತನ್ನು ಅಣಕಿಸಬೇಡಿ. ಅಣಕಿಸಿದರೆ ಅಕ್ಷರ ತಿದ್ದುವುದಿಲ್ಲ, ಮಗು ಮಾತನ್ನೇ ಕಡಿಮೆ ಮಾಡುತ್ತದೆ.