ಮೂತ್ರಪಿಂಡದ ಮೇಲಣ ಕಿರುಗ್ರಂಥಿ ಕೆಟ್ಟಾಗ

ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಿಟ್ಟಂತೆ ಒಂದೊಂದು ಪುಟ್ಟ ಗ್ರಂಥಿಯಿದೆ. ಅದರ ಹೆಸರು ಅಡ್ರಿನಲ್. ತೂಕ ನಾಲ್ಕೈದು ಗ್ರಾಂ ಮಾತ್ರ. ರಕ್ತದೊತ್ತಡ, ಸಕ್ಕರೆ, ಲವಣಗಳ ಹದವನ್ನು ಕಾಯುವ ಹಾರ್ಮೋನುಗಳು ಇಲ್ಲಿ ಸ್ರವಿಸುತ್ತವೆ. ಈ ಗ್ರಂಥಿಯ ಹೊರಪದರದಲ್ಲಿ ಹುಟ್ಟುವ ಕ್ಯಾನ್ಸರ್ ಅತಿ ವಿರಳ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುವಂಥದು. ಆದರೂ ಅದನ್ನಿಲ್ಲಿ ಪ್ರಸ್ತಾಪಿಸಲು ಕಾರಣವಿದೆ. ಇದರ ಕುರುಹುಗಳು ಅನೇಕ ವೇಳೆ ನೋವಾಗಿ ಬಾರದೆ ಮುಖದಲ್ಲಿ, ಧ್ವನಿಯಲ್ಲಿ, ಮೈಕಟ್ಟಿನಲ್ಲಿ ಕಾಣಿಸಿಕೊಳ್ಳುತ್ತವೆ. ಸಂಕೋಚದಿಂದ ಅವನ್ನು ಮುಚ್ಚಿಡುವವರೂ ನಾವೇ.

ಇಂಥ ಗಡ್ಡೆಗಳಲ್ಲಿ ಅರ್ಧದಷ್ಟಾದರೂ ಹಾರ್ಮೋನನ್ನು ಅತಿಯಾಗಿ ಸ್ರವಿಸುತ್ತವೆ. ಹೆಚ್ಚಾಗಿ ಅದು ಕಾರ್ಟಿಸಾಲ್. ಆಗ ಮುಖ ದುಂಡಗೆ ಊದಿಕೊಳ್ಳುತ್ತದೆ, ಹೊಟ್ಟೆ ಬೆಳೆದು ಕೈಕಾಲು ಸೊರಗುತ್ತವೆ. ಪಂಕ್ತಿಯಲ್ಲಿ ಊಟಕ್ಕೆ ಕುಳಿತವರು ನೆಲಕ್ಕೆ ಕೈಯೂರದೆ ಏಳಲಾರರು. ಹೊಟ್ಟೆ ತೊಡೆಗಳ ಮೇಲೆ ನೇರಳೆ ಬಣ್ಣದ ಅಗಲ ಗೆರೆಗಳು ಮೂಡುತ್ತವೆ. ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಜೊತೆಗೂಡುತ್ತವೆ. ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ 1912ರಲ್ಲಿ ವರ್ಣಿಸಿದ ಈ ಲಕ್ಷಣಗಳಿಗೆ ಅವರ ಹೆಸರೇ ನಿಂತಿದೆ. ಇಲ್ಲೊಂದು ಮಾತು: ಕೀಲುನೋವಿಗೋ ಉಬ್ಬಸಕ್ಕೋ ಸ್ಟೆರಾಯ್ಡ್ ಮಾತ್ರೆಗಳನ್ನು ಬಹುಕಾಲ ನುಂಗಿದವರಲ್ಲಿಯೂ ಇವೇ ಲಕ್ಷಣಗಳು ಕಾಣುತ್ತವೆ, ಅದೂ ಈ ಕ್ಯಾನ್ಸರಿಗಿಂತ ಎಷ್ಟೋ ಹೆಚ್ಚಾಗಿ. ಅಂಥವರು ವೈದ್ಯರೊಡನೆ ಮರೆಮಾಚಬಾರದು. ಮಾತ್ರೆಯನ್ನು ತಾವಾಗಿ ಥಟ್ಟನೆ ನಿಲ್ಲಿಸಲೂಬಾರದು.

ಗಂಡು ಹಾರ್ಮೋನು ಹೆಚ್ಚಿದರೆ ಸ್ತ್ರೀಯರಿಗೆ ಗದ್ದದ ಮೇಲೆ ದಟ್ಟ ಕೂದಲು, ಗಡಸು ಧ್ವನಿ, ನಿಂತ ಮುಟ್ಟು, ಉದುರುವ ತಲೆಗೂದಲು. ಮದುವೆಗೆ ನಿಂತ ಹುಡುಗಿಯಾದರೆ ಮನೆಯಲ್ಲಿ ಇದರ ಮಾತೇ ಎತ್ತುವುದಿಲ್ಲ. ಮುಖದಲ್ಲಿ ಕೂದಲು ಬಂದ ಹೆಣ್ಣುಮಕ್ಕಳಲ್ಲಿ ಬಹುತೇಕರಿಗೆ ಕ್ಯಾನ್ಸರ್ ಇರುವುದಿಲ್ಲ, ಅಂಡಾಶಯದ ಸಾಧಾರಣ ತೊಂದರೆಯಿರುತ್ತದೆ. ಅದು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಕೆಲವೇ ತಿಂಗಳಲ್ಲಿ ಧ್ವನಿಯೂ ಬದಲಾಯಿತೆಂದರೆ ಒಂದು ದಿನವೂ ಕಾಯಬಾರದು. ಗಂಡಸರಲ್ಲಿ ಅಪರೂಪವಾಗಿ ಹೆಣ್ಣು ಹಾರ್ಮೋನು ಹೆಚ್ಚಿ ಎದೆ ಬೆಳೆಯುವುದುಂಟು.

ಎಳೆಯ ಮಕ್ಕಳನ್ನೂ ಈ ರೋಗ ಬಿಟ್ಟಿಲ್ಲ. ದಕ್ಷಿಣ ಬ್ರೆಜಿಲ್ಲಿನಲ್ಲಿ ವಂಶವಾಹಿಯ ದೋಷವೊಂದರಿಂದ ಇದು ಮಕ್ಕಳಲ್ಲಿ ಬೇರೆಡೆಗಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಮೂರು ನಾಲ್ಕು ವರ್ಷದ ಕೂಸಿಗೆ ಮೊಡವೆ, ಗುಹ್ಯಭಾಗದಲ್ಲಿ ಕೂದಲು, ದೊಡ್ಡವರಂಥ ಬೆವರಿನ ವಾಸನೆ ಬಂದರೆ ಅದನ್ನು ಬೇಗ ಬೆಳೆಯುವ ಮಗುವೆಂದು ಸಂತೋಷಪಡುವಂತಿಲ್ಲ.

ರಕ್ತ ಪರೀಕ್ಷೆ, 24 ಗಂಟೆಗಳ ಮೂತ್ರದ ಪರೀಕ್ಷೆ ಹಾಗೂ ಸಿ.ಟಿ. ಸ್ಕ್ಯಾನ್‌ಗಳಿಂದ ರೋಗದ ನೆಲೆ ತಿಳಿಯುತ್ತದೆ. ಗಡ್ಡೆ ಹರಡುವ ಮುನ್ನ ಅದನ್ನು ಒಡೆಯದಂತೆ ಇಡಿಯಾಗಿ ತೆಗೆಯುವುದೇ ಗುಣದ ಮುಖ್ಯ ದಾರಿ. ಆದ್ದರಿಂದ ಈ ಕೆಲಸದಲ್ಲಿ ಪಳಗಿದ ಶಸ್ತ್ರವೈದ್ಯರನ್ನೇ ಅರಸಬೇಕು. ಅನಂತರ ಕೆಲವರಿಗೆ ಮೈಟೋಟೇನ್ ಎಂಬ ಮಾತ್ರೆ ಕೊಡುತ್ತಾರೆ. ಕಾರ್ಟಿಸಾಲ್ ಹೆಚ್ಚಿದ್ದವರಲ್ಲಿ ಇನ್ನೊಂದು ಬದಿಯ ಗ್ರಂಥಿ ಕೆಲಸವಿಲ್ಲದೆ ನಿದ್ದೆ ಹೋಗಿರುತ್ತದೆ. ಅದು ಎಚ್ಚರಗೊಳ್ಳುವ ತನಕ, ಎಂದರೆ ತಿಂಗಳುಗಟ್ಟಲೆ, ಹೈಡ್ರೋಕಾರ್ಟಿಸೋನ್ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸದೆ ಕೊಡುವ ಹೊಣೆ ಮನೆಯವರದು.