ಕಾಲೇಜು ಪ್ರವೇಶ ಮತ್ತು ಧನಸಹಾಯದ ಪರಿಭಾಷೆ: ಪರ್ಕಳ-ಮಣಿಪಾಲ ಪರಿಸರವನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಕನ್ನಡದಲ್ಲಿ ಪಾರಿಭಾಷಿಕ ಪದಗಳ ಚರ್ಚೆ ನಡೆದಾಗ ವಿಜ್ಞಾನ, ಕಾನೂನು ಹಾಗೂ ಆಡಳಿತ ಕ್ಷೇತ್ರಗಳ ಪದಗಳು ಮುನ್ನೆಲೆಗೆ ಬರುತ್ತವೆ. ಪ್ರತಿವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಮೇಲೆ ಸಾಮಾನ್ಯ ಕುಟುಂಬಗಳು ಎದುರಿಸಬೇಕಾದ ಪದಸಮುದಾಯವೊಂದು ಈ ಚರ್ಚೆಯಲ್ಲಿ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ. ಕಾಲೇಜು ಪ್ರವೇಶಕ್ಕೂ ಅದರ ವೆಚ್ಚಕ್ಕೆ ದೊರೆಯುವ ನೆರವಿಗೂ ಸಂಬಂಧಿಸಿದ ಪದಗಳವು. ಇವುಗಳ ತೊಡಕು ಇಂಗ್ಲಿಷ್ ಮೂಲದಿಂದ ಬಂದುದೆಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಆದರೆ ಪರಿಶೀಲಿಸಿದರೆ, ತಪ್ಪು ತಿಳಿವಳಿಕೆಗೆ ಹೆಚ್ಚು ಅವಕಾಶವಿರುವುದು ಪರಿಚಿತವೆನಿಸುವ ಪದಗಳಲ್ಲಿಯೇ ಎಂಬುದು ಕಂಡುಬರುತ್ತದೆ. ಹಣ ಯಾರಿಂದ ಯಾರಿಗೆ, ಯಾವಾಗ ಸಲ್ಲುತ್ತದೆ ಎಂಬುದನ್ನು ಅಂತಹ ಪದಗಳು ಮರೆಯಲ್ಲಿಡುತ್ತವೆ.

ಈ ವಿವೇಚನೆಗೆ ಪರ್ಕಳ ಸೂಕ್ತವಾದ ನೆಲೆ. ಅದಕ್ಕೆ ಹೊಂದಿಕೊಂಡಿರುವ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್‌ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಪೈ ಅವರು ಸ್ಥಾಪಕರಲ್ಲೊಬ್ಬರಾಗಿದ್ದ, 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿದ್ದರೂ 'ಪಿಗ್ಮಿ' ಎಂಬ ಪದ ಕರಾವಳಿಯ ಮನೆಮಾತಾಗಿ ಉಳಿದಿದೆ. ಇಂಗ್ಲಿಷಿನಿಂದ ಬಂದ ಆ ಪದಕ್ಕೆ ಅನುವಾದ ಬೇಕಾಗಲಿಲ್ಲ. ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆ ಪಡೆದು, ಅದನ್ನು ಲೆಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಸಂಗ್ರಾಹಕನೇ ಅದರ ಅರ್ಥವನ್ನು ಕಣ್ಣೆದುರು ತೋರಿಸುತ್ತಿದ್ದನು. ಹಣ ಹೋಗುವ ದಾರಿ ತಿಳಿದಿದ್ದರೆ ಪದವು ಅನ್ಯಭಾಷೆಯದೆಂಬುದು ಅಡ್ಡಿಯಾಗದು ಎಂಬುದಕ್ಕೆ ಇದು ನಿದರ್ಶನ.

ಪ್ರವೇಶದ ಪದಗಳಲ್ಲಿ ಇಂತಹ ಸ್ಪಷ್ಟತೆ ಇಲ್ಲ. 'ಡೊನೇಶನ್' ಎಂದರೆ ಕೊಡುಗೆ. ಕೊಡುವುದೂ ಬಿಡುವುದೂ ದಾನಿಯ ಇಚ್ಛೆ. ಬಳಕೆಯಲ್ಲಿ ಮಾತ್ರ ಅದು ಸೀಟಿಗಾಗಿ ತೆರಲೇಬೇಕಾದ ಮೊತ್ತವಾಯಿತು. ಹೆಸರಿನ ಈ ಮರೆಯನ್ನು ಶಾಸನವೂ ಗಮನಿಸಿದೆ. ಕರ್ನಾಟಕದಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿದ 1984ರ ಕಾಯಿದೆಯು, ನಿಗದಿತ ಶುಲ್ಕವನ್ನು ಮೀರಿ ಪಡೆಯುವ ಮೊತ್ತವನ್ನು ಯಾವ ಹೆಸರಿನಿಂದ ಕರೆದರೂ ಅದು ಕ್ಯಾಪಿಟೇಶನ್ ಶುಲ್ಕವೇ ಎಂಬ ಅರ್ಥದ ವ್ಯಾಖ್ಯೆಯನ್ನು ನೀಡಿತು. 1993ರ ಉನ್ನಿಕೃಷ್ಣನ್ ಪ್ರಕರಣದ ತೀರ್ಪಿನ ಬಳಿಕ 'ಫ್ರೀ ಸೀಟು', 'ಪೇಮೆಂಟ್ ಸೀಟು' ಎಂಬ ಜೋಡಿ ಪದಗಳು ರೂಢಿಗೆ ಬಂದವು. ಫ್ರೀ ಸೀಟು ಶುಲ್ಕರಹಿತವಾಗಿರಲಿಲ್ಲ. ಸರ್ಕಾರಿ ಕಾಲೇಜಿನ ದರದಲ್ಲಿ ಶುಲ್ಕ ಕಟ್ಟಬೇಕಾಗಿತ್ತು. 2002ರಲ್ಲಿ ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಮೂರ್ತಿಗಳ ಪೀಠವು ಆ ವ್ಯವಸ್ಥೆಯನ್ನು ತಳ್ಳಿಹಾಕಿತು. ವ್ಯವಸ್ಥೆ ಹೋದರೂ 'ಫ್ರೀ ಸೀಟು' ಎಂಬ ಮಾತು ಜನರ ನಾಲಗೆಯಿಂದ ಹೋಗಿಲ್ಲ.

'ಗ್ರಾಮೀಣ ಅಭ್ಯರ್ಥಿ' ಎಂಬುದು ಇನ್ನೂ ಸೂಕ್ಷ್ಮವಾದ ಉದಾಹರಣೆ. ಸಿಇಟಿ ಪ್ರವೇಶದಲ್ಲಿ ಈ ಮೀಸಲಾತಿಯನ್ನು ಪಡೆಯಲು ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಗದ್ದೆ, ತೋಟಗಳ ನಡುವೆ ವಾಸ, ಬೇಸಾಯದ ಮನೆತನ ಇವು ಇಲ್ಲಿ ಗಣನೆಗೆ ಬರುವುದಿಲ್ಲ. ಶಾಲೆಯಿರುವ ಸ್ಥಳ ಯಾವ ಸ್ಥಳೀಯ ಸಂಸ್ಥೆಗೆ ಸೇರಿದೆ ಎಂಬುದೇ ನಿರ್ಣಾಯಕ. ಪರ್ಕಳವು ಉಡುಪಿ ನಗರಸಭೆಯ ವ್ಯಾಪ್ತಿಯಲ್ಲಿದೆ. ಪಕ್ಕದ ಆತ್ರಾಡಿಯದು ಗ್ರಾಮ ಪಂಚಾಯತ್. ಒಂದೇ ಬಗೆಯ ಮನೆಗಳಿಂದ ಬಂದ ಇಬ್ಬರು ಮಕ್ಕಳಲ್ಲಿ ಒಬ್ಬನು ನಿಯಮದ ದೃಷ್ಟಿಯಲ್ಲಿ ಗ್ರಾಮೀಣನಾಗಿ, ಇನ್ನೊಬ್ಬನು ಹಾಗಾಗದೆ ಉಳಿಯುವುದು ಹೀಗೆ. ಪ್ರವೇಶ ಪ್ರಕ್ರಿಯೆಯ ಮತ್ತೊಂದು ಪದವಾದ 'ಅಣಕು ಹಂಚಿಕೆ'ಯಲ್ಲಿ ತೋರುವ ಸೀಟು ನಿಜವಾಗಿ ದೊರೆತ ಸೀಟಲ್ಲ. ಅಭ್ಯರ್ಥಿಯು ತನ್ನ ಆಯ್ಕೆಗಳ ಕ್ರಮವನ್ನು ತಿದ್ದಿಕೊಳ್ಳಲು ದೊರೆಯುವ ಸೂಚನೆಯಷ್ಟೆ. ಅಣಕಿಸುವುದೆಂದರೆ ಗೇಲಿ ಮಾಡುವುದೆಂದು ಬಲ್ಲ ಓದುಗನಿಗೆ ಈ ಅರ್ಥ ತಾನಾಗಿ ಹೊಳೆಯದು.

ಧನಸಹಾಯದ ಪದಗಳಲ್ಲಿ ತೊಡಕು ಇನ್ನಷ್ಟು ಗಂಭೀರವಾಗುತ್ತದೆ. 'ಮರುಪಾವತಿ' ಎಂಬ ಒಂದೇ ಪದವನ್ನು ಗಮನಿಸಬಹುದು. 'ಶುಲ್ಕ ಮರುಪಾವತಿ' ಎಂದಾಗ ಸರ್ಕಾರ ಹಣ ಕೊಡುತ್ತದೆ. 'ಸಾಲ ಮರುಪಾವತಿ' ಎಂದಾಗ ವಿದ್ಯಾರ್ಥಿ ಹಣ ಕೊಡಬೇಕು. ಪದ ಒಂದೇ, ಹಣದ ದಿಕ್ಕು ಪರಸ್ಪರ ವಿರುದ್ಧ. 'ಶುಲ್ಕ ವಿನಾಯಿತಿ'ಗೂ 'ಶುಲ್ಕ ಮರುಪಾವತಿ'ಗೂ ಇರುವ ಅಂತರ ಕಾಲದ್ದು. ಮೊದಲನೆಯದರಲ್ಲಿ ಕಟ್ಟುವ ಪ್ರಶ್ನೆಯೇ ಇಲ್ಲ. ಎರಡನೆಯದರಲ್ಲಿ ಮೊದಲು ಕಟ್ಟಿ, ಆಮೇಲೆ ಕಾಯಬೇಕಾಗಬಹುದು. ಕೂಲಿಯಿಂದ ಜೀವಿಸುವ ಮನೆಗೆ ಆ ಕೆಲವು ತಿಂಗಳ ಅಂತರವೇ ಕೈಸಾಲಕ್ಕೆ ದಾರಿಯಾಗುತ್ತದೆ.

ಯೋಜನೆಗಳ ಹೆಸರುಗಳೂ ಇದೇ ಬಗೆಯವು. 2013-14ರಲ್ಲಿ ಆರಂಭವಾದ 'ವಿದ್ಯಾಸಿರಿ'ಯು ವಿದ್ಯಾರ್ಥಿನಿಲಯದಲ್ಲಿ ಸ್ಥಾನ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ, ವಸತಿಗಾಗಿ ನೀಡುವ ಸಹಾಯ. ಆರಂಭದಲ್ಲಿ ಅದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು ದೊರೆಯುತ್ತಿತ್ತು. ಅದನ್ನು ಹಿಂದಿರುಗಿಸಬೇಕಿಲ್ಲ. 'ಅರಿವು' ಯೋಜನೆಯು ಅಭಿವೃದ್ಧಿ ನಿಗಮಗಳು ಕೊಡುವ ಸಾಲ. ವ್ಯಾಸಂಗ ಮುಗಿದ ಮೇಲೆ ತೀರಿಸಲೇಬೇಕು. ಎರಡೂ ಸುಂದರವಾದ ಕನ್ನಡ ಹೆಸರುಗಳು. ಯಾವುದು ಕೊಡುಗೆ, ಯಾವುದು ಋಣ ಎಂಬುದನ್ನು ಹೆಸರು ಹೇಳುವುದಿಲ್ಲ.

ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ 'ಮೊರಟೋರಿಯಂ' ಎಂಬುದು ಸಾಮಾನ್ಯವಾಗಿ ವ್ಯಾಸಂಗದ ಅವಧಿ ಹಾಗೂ ಅನಂತರದ ಒಂದು ವರ್ಷ. ಇದನ್ನು 'ವಿರಾಮ' ಎಂದು ಅನುವಾದಿಸಿದರೆ ಕಂತಿನಂತೆ ಬಡ್ಡಿಯೂ ವಿರಮಿಸುತ್ತದೆಂಬ ಭಾವನೆ ಹುಟ್ಟುವುದು ಸಹಜ. ವಾಸ್ತವದಲ್ಲಿ ಕಂತು ಮಾತ್ರ ನಿಂತಿರುತ್ತದೆ, ಬಡ್ಡಿ ಬೆಳೆಯುತ್ತಿರುತ್ತದೆ. 2009ರಲ್ಲಿ ಕೇಂದ್ರ ಸರ್ಕಾರವು ವಾರ್ಷಿಕ 4.5 ಲಕ್ಷ ರೂಪಾಯಿಯೊಳಗಿನ ಆದಾಯದ ಕುಟುಂಬಗಳಿಗಾಗಿ ಆರಂಭಿಸಿದ 'ಬಡ್ಡಿ ಸಹಾಯಧನ'ವೂ ಈ ಅವಧಿಯ ಬಡ್ಡಿಗಷ್ಟೇ ಸಂಬಂಧಿಸಿದ್ದು. ಅಸಲು ವಿದ್ಯಾರ್ಥಿಯ ಹೊಣೆಯಾಗಿಯೇ ಉಳಿಯುತ್ತದೆ. ಅನುವಾದವು ಶಬ್ದಶಃ ಸರಿಯಾಗಿದ್ದೂ ತಿಳಿವಳಿಕೆ ತಪ್ಪಬಹುದೆಂಬುದಕ್ಕೆ ಇಷ್ಟು ಸಾಕು.

ಕನ್ನಡದಲ್ಲಿ ಇದಕ್ಕೆ ವ್ಯತಿರಿಕ್ತವಾದ ಮಾದರಿಯೂ ಇದೆ. ಹಿಂದಿನ ತಲೆಮಾರಿನ ಬಡ ವಿದ್ಯಾರ್ಥಿಗಳು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುತ್ತಿದ್ದ ಪದ್ಧತಿಗೆ 'ವಾರಾನ್ನ' ಎಂದು ಹೆಸರು. ಏನು ದೊರೆಯುತ್ತದೆ, ಎಷ್ಟು ದಿನಕ್ಕೊಮ್ಮೆ ದೊರೆಯುತ್ತದೆ ಎಂಬುದು ಆ ಪದದಲ್ಲಿಯೇ ಇದೆ. ಆ ಪದ್ಧತಿಗೆ ಜಾತಿಯ ಮಿತಿಯಿತ್ತು. ಅದು ಎಲ್ಲ ಬಡವರಿಗೂ ತೆರೆದ ಬಾಗಿಲಾಗಿರಲಿಲ್ಲ. ಇಂದಿನ ಯೋಜನೆಗಳ ಬಾಗಿಲು ಹೆಚ್ಚು ವಿಶಾಲವಾಗಿದೆ, ಅದರ ಮೇಲಿನ ಬರಹ ಮಾತ್ರ ಅಸ್ಪಷ್ಟವಾಗಿದೆ.

ಆದುದರಿಂದ ಇಂತಹ ಪದಗಳ ಕೋಶವನ್ನು ಸಿದ್ಧಪಡಿಸುವಾಗ ಸಮಾನಪದವನ್ನು ಕೊಟ್ಟರೆ ಸಾಲದು. ಕೊಡುವವರು ಯಾರು, ಪಡೆಯುವವರು ಯಾರು, ಯಾವಾಗ, ಹಿಂದಿರುಗಿಸಬೇಕೆ ಎಂಬ ನಾಲ್ಕು ಪ್ರಶ್ನೆಗಳಿಗೆ ಪ್ರತಿಯೊಂದು ಪದದ ಎದುರಿಗೂ ಉತ್ತರವಿರಬೇಕು. ಕಾಲೇಜುಗಳ ಪ್ರವೇಶ ಸಮಿತಿಗಳಲ್ಲಿ ಕನ್ನಡ ಅಧ್ಯಾಪಕರೂ ಇರುತ್ತಾರೆ. ಅರ್ಜಿ ಹಿಡಿದು ಬಂದ ತಂದೆತಾಯಿಯರು ಸಹಿ ಹಾಕುವ ಮುನ್ನ ಕೊನೆಯದಾಗಿ ಕೇಳುವುದು ಹಲವೊಮ್ಮೆ ಅವರನ್ನೇ. 'ಅರ್ಥ' ಎಂಬ ಪದಕ್ಕೆ ಹಣವೆಂಬ ಅರ್ಥವೂ ಉಂಟು ಎಂಬುದನ್ನು ತರಗತಿಯಲ್ಲಿ ಹೇಳುವ ಅಧ್ಯಾಪಕರು ಆ ಮೇಜಿನ ಬಳಿಯಲ್ಲಿ ಎರಡನ್ನೂ ಒಟ್ಟಿಗೆ ಬಿಡಿಸಿ ಹೇಳಬೇಕಾಗುತ್ತದೆ.